ಸೆಸ್ನಾ 172: ನೋಸ್ ಸ್ಟ್ರಟ್ ಕೂತಿದ್ದರೆ ಸೀಲ್ ಬದಲಿಸುವುದು ಹೀಗೆ

ಬೆಳಗ್ಗೆ ಹ್ಯಾಂಗರ್ ಬಾಗಿಲು ತೆಗೆದಾಗ ಸೆಸ್ನಾ 172 ಎಂಬ ಪುಟ್ಟ ವಿಮಾನ ಮೂಗು ಬಗ್ಗಿಸಿ ನಿಂತಿದೆ. ಮುಂದಿನ ಗಾಲಿಯ ಕಾಲು, ಅಂದರೆ ಏಟು ತಡೆಯುವ ನೋಸ್ ಸ್ಟ್ರಟ್, ಕುಸಿದಿದೆ. ನೋಸ್ ವೀಲ್ ಪಕ್ಕ ಕೆಂಪು ಎಣ್ಣೆಯ ಹನಿ ಬಿದ್ದಿದೆ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ಸ್ವಲ್ಪ ನೈಟ್ರೋಜನ್ ಹಾಕಿ ಕಳಿಸೋಣ ಸಾರ್." ನಾನು ಒಪ್ಪುವುದಿಲ್ಲ. ಎಣ್ಣೆ ಹೊರಗೆ ಬಂದಿದೆ ಎಂದರೆ ಒಳಗೆ ಕಡಿಮೆಯಾಗಿದೆ ಅಂತ ಅರ್ಥ. ಗ್ಯಾಸ್ ತುಂಬಿದರೆ ಸ್ಟ್ರಟ್ ಮೇಲೇಳುತ್ತದೆ, ಆದರೆ ಏಟು ತಡೆದುಕೊಳ್ಳುವ ಶಕ್ತಿ ಬರುವುದಿಲ್ಲ. ಸ್ಟ್ರಟ್ ಕೂತಷ್ಟೂ ಪ್ರೊಪೆಲ್ಲರ್ ನೆಲಕ್ಕೆ ಹತ್ತಿರವಾಗುತ್ತದೆ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ. ಸ್ಟ್ರಟ್ ಕೂತಿದ್ದರೂ ಪಿಸ್ಟನ್ (ಸಿಲಿಂಡರ್ ಒಳಗೆ ಮೇಲೆ ಕೆಳಗೆ ಜಾರುವ ಕೊಳವೆ) ಒಣಗಿದ್ದರೆ, ಮೇಲಿನ ವಾಲ್ವ್‌ಗೆ ಸೋಪು ನೀರು ಹಚ್ಚಿ. ಗುಳ್ಳೆ ಬಂದರೆ ತೊಂದರೆ ವಾಲ್ವ್‌ನದು. ಪಿಸ್ಟನ್ ಎಣ್ಣೆಯಲ್ಲಿ ನೆನೆದಿದ್ದರೆ ಮಾತ್ರ ಸೀಲ್ ಕೆಲಸ. 172ರಲ್ಲಿ ಎಣ್ಣೆ-ಗ್ಯಾಸ್ ಸ್ಟ್ರಟ್ ಇರುವುದು ಮುಂದೆ ಒಂದೇ. ಹಿಂದಿನ ಎರಡು ಕಾಲುಗಳು ಬರೀ ಸ್ಪ್ರಿಂಗ್ ಉಕ್ಕು.

ಬಾಲದ ಕಡೆ ತೂಕ ಕೊಟ್ಟು ಅಥವಾ ನೆಲಕ್ಕೆ ಕಟ್ಟಿ ಮೂಗು ಎತ್ತಿ, ಸ್ಟ್ಯಾಂಡ್ ಕೊಡಿ. ಈಗ ವಾಲ್ವ್‌ನಿಂದ ಗ್ಯಾಸ್ ಪೂರ್ತಿ ಬಿಡಿ. ಪೂರ್ತಿ ಎಂದರೆ ಪೂರ್ತಿ. ಒಳಗೆ ಒತ್ತಡ ಇರುವಾಗ ಟಾರ್ಕ್ ಲಿಂಕ್ (ಸ್ಟ್ರಟ್‌ನ ಮೇಲಿನ, ಕೆಳಗಿನ ಭಾಗಗಳನ್ನು ಸೇರಿಸುವ ಮಡಚುವ ತೋಳು) ಬಿಚ್ಚಿದರೆ ಕೆಳಗಿನ ಭಾಗ ಗುಂಡಿನಂತೆ ಹಾರಿ ಬರಬಹುದು. ಇಲ್ಲಿ ಅವಸರ ಬೇಡವೇ ಬೇಡ.

ಆಮೇಲೆ ಗಾಲಿ ತೆಗೆದು ಟಾರ್ಕ್ ಲಿಂಕ್ ಬಿಡಿಸಿ. ಹೊರಗಿನ ಸಿಲಿಂಡರ್‌ನ ಕೆಳ ಅಂಚಿನಲ್ಲಿ ಒಂದು ಪುಟ್ಟ ತೂತಿದೆ. ಅದರಲ್ಲಿ ತಳ್ಳಿದರೆ ಎಲ್ಲವನ್ನೂ ಒಳಗೆ ಹಿಡಿದಿಡುವ ಲಾಕ್ ರಿಂಗ್ ತನ್ನ ತೋಡಿನಿಂದ (ಗ್ರೂವ್) ಹೊರಬರುತ್ತದೆ. ಕೆಳಗೆ ಬೇಸಿನ್ ಇಟ್ಟು, ಪಿಸ್ಟನ್ ಹಿಡಿದು ನೇರವಾಗಿ, ಗಟ್ಟಿಯಾಗಿ ಎಳೆಯಿರಿ. ಎಣ್ಣೆ ಒಮ್ಮೆಲೇ ಸುರಿಯುತ್ತದೆ.

ಇನ್ನು ರಿಂಗ್‌ಗಳು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಕೆಲಸ ಕಲಿಯುವಾಗ ನಾನು ಎಲ್ಲವನ್ನೂ ಬಿಚ್ಚಿ, ತೊಳೆದು, ಒಂದೇ ತಟ್ಟೆಯಲ್ಲಿ ಗುಡ್ಡೆ ಹಾಕಿದ್ದೆ. ಜೋಡಿಸುವಾಗ ಒಂದು ರಿಂಗ್ ತಲೆಕೆಳಗಾಯಿತು. ಮೂರನೇ ದಿನಕ್ಕೆ ಮತ್ತೆ ಸೋರಿತು. ಸೀನಿಯರ್ ಬೈಯಲಿಲ್ಲ. "ಒರೆಸೋ ಮುಂಚೆ ಯಾವ್ದು ಮೇಲೆ ಯಾವ್ದು ಕೆಳಗೆ ನೋಡ್ಕೋ ಮರಿ" ಎಂದು ಪೂರ್ತಿ ಬಿಚ್ಚಿಸಿದರು. ಅಂದಿನಿಂದ ಬೇರಿಂಗ್, ಸ್ಕ್ರೇಪರ್, ಸಪೋರ್ಟ್ ರಿಂಗ್, ಶಿಮ್ ಎಲ್ಲವನ್ನೂ ಬಂದ ಕ್ರಮದಲ್ಲೇ ತಂತಿಗೆ ಪೋಣಿಸುತ್ತೇನೆ. ಫೋನಿನಲ್ಲಿ ಫೋಟೊ ತೆಗೆದರೂ ತಂತಿ ಬಿಟ್ಟಿಲ್ಲ.

ಹಳೆಯ ಓ-ರಿಂಗ್ (ಸೀಲ್ ಆಗಿ ಕೂರುವ ರಬ್ಬರ್ ಬಳೆ) ಕೀಳಲು ಉಕ್ಕಿನ ಮೊನೆ ಬಳಸಬೇಡಿ, ಅದು ಕೂರುವ ತೋಡು ಗೀಚಿಹೋಗುತ್ತದೆ. ನಾನು ಚೂಪು ಮಾಡಿದ ಬಿದಿರು ಕಡ್ಡಿ ಬಳಸುತ್ತೇನೆ.

ಈಗ ಕ್ರೋಮ್ ಪಿಸ್ಟನ್ ಒರೆಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ. ಈ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಸೀಲ್ ಸುಮ್ನೆ ಹಾಳಾಗುವುದು ಕಡಿಮೆ. ಪಿಸ್ಟನ್ ಮೇಲಿನ ಎಣ್ಣೆ ಪಸೆಗೆ ಧೂಳು ಅಂಟುತ್ತದೆ, ಪ್ರತಿ ಲ್ಯಾಂಡಿಂಗ್‌ನಲ್ಲೂ ಅದು ಸೀಲನ್ನು ಉಜ್ಜುತ್ತದೆ. ಉಗುರು ಸಿಕ್ಕಿಕೊಳ್ಳುವಂಥ ಗುಳಿ ಇದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಮೊದಲು ಪಿಸ್ಟನ್‌ಗೆ ದಾರಿ ಹುಡುಕಬೇಕು.

ಓ-ರಿಂಗ್‌ನ ಪಾರ್ಟ್ ನಂಬರ್ ನಿಮ್ಮ ವಿಮಾನದ ಸೀರಿಯಲ್ ನಂಬರ್ ಪ್ರಕಾರ ಕ್ಯಾಟಲಾಗ್‌ನಿಂದಲೇ ಬರಲಿ. ಬೆಂಗಳೂರಿನ ಜೆ.ಸಿ. ರೋಡಿನ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ಅದೇ ಅಳತೆಯದು ಸಿಗುತ್ತದೆ, ಆದರೆ ಅದರ ರಬ್ಬರ್ ಯಾವುದು ಅಂತ ಯಾರು ಹೇಳಬೇಕು, ಅಲ್ವಾ? ಪ್ಯಾಕೆಟ್ ಮೇಲಿನ ತಯಾರಿಕೆ ದಿನಾಂಕವನ್ನೂ ನೋಡಿ. ಎಣ್ಣೆ ಕೆಂಪು ಬಣ್ಣದ 5606 ಹೈಡ್ರಾಲಿಕ್ ಆಯಿಲ್ ಮಾತ್ರ. ದೊಡ್ಡ ಜೆಟ್‌ಗಳ ನೇರಳೆ ಬಣ್ಣದ ಹೈಡ್ರಾಲಿಕ್ ದ್ರವ ಸ್ಕೈಡ್ರಾಲ್ ಆಗಲಿ, ಕಾರಿನ ಬ್ರೇಕ್ ಆಯಿಲ್ ಆಗಲಿ ಇಲ್ಲಿ ಸೇರಲೇಬಾರದು. ಅವು ಈ ರಬ್ಬರನ್ನು ಕೆಡಿಸುತ್ತವೆ.

ಹೊಸ ರಿಂಗ್‌ಗಳಿಗೆ 5606 ಸವರಿ, ತಿರುಚದಂತೆ ಕೂರಿಸಿ. ಚೂಪು ಅಂಚು ದಾಟಿಸುವಾಗ ಅಂಚಿಗೆ ಟೇಪ್ ಸುತ್ತಿ. ಪಿಸ್ಟನ್ ಸಿಲಿಂಡರ್ ಒಳಗೆ ಹೋದ ಮೇಲೆ, ಲಾಕ್ ರಿಂಗ್ ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ. ಟಾರ್ಕ್ ಲಿಂಕ್ ಮತ್ತು ಗಾಲಿ ಜೋಡಿಸುವಾಗ ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ತುಂಬಿಸುವಾಗ ವಾಲ್ವ್ ಬಿಚ್ಚಿ, ಸ್ಟ್ರಟ್ ಪೂರ್ತಿ ಒತ್ತಿ, ವಾಲ್ವ್ ತೂತಿನ ಕೆಳ ಅಂಚಿನವರೆಗೆ ಎಣ್ಣೆ ಹಾಕಿ. ನಿಧಾನಕ್ಕೆ ನಾಲ್ಕೈದು ಸಲ ಎಳೆದು ಒತ್ತಿದರೆ ಗುಳ್ಳೆ ಹೊರಬರುತ್ತದೆ, ಮಟ್ಟ ಇಳಿಯುತ್ತದೆ. ಮತ್ತೆ ತುಂಬಿಸಿ. ಬಳಿಕ ವಾಲ್ವ್ ಹಾಕಿ, ಗಾಲಿ ನೆಲ ಮುಟ್ಟದಂತೆ ಸ್ಟ್ರಟ್ ಪೂರ್ತಿ ಚಾಚಿರುವಾಗ ನೈಟ್ರೋಜನ್ ಕೊಡಿ. ನಾನು ನೋಡಿಕೊಳ್ಳುವ ವಿಮಾನಗಳಿಗೆ 45 ಪಿಎಸ್‌ಐ. ನಿಮ್ಮದಕ್ಕೆ ನಿಮ್ಮ ಮ್ಯಾನ್ಯುಯಲ್ ಹೇಳಿದಷ್ಟು.

ಕೆಳಗಿಳಿಸಿ, ರಾತ್ರಿಗೆ ಗಾಲಿಯ ಕೆಳಗೆ ಹಳೆಯ ದಿನಪತ್ರಿಕೆ ಹಾಸುತ್ತೇನೆ. ಲಾಗ್‌ಬುಕ್‌ನಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೀಳುವುದು ಬೆಳಗ್ಗೆ, ಆ ಕಾಗದ ಒಣಗಿದ್ದರೆ ಮಾತ್ರ.