ಟ್ವೈನ್‌ನಲ್ಲಿ ಕನ್ನಡ ಕಥೆ: ಅಕ್ಷರ, ಬಣ್ಣ ಹೊಂದಿಸಿಕೊಂಡ ನನ್ನ ಅನುಭವ

ಮುಂಬೈಯಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ಓದುವಾಗ ಮಾತ್ರ ತಡವರಿಸುತ್ತಾರೆ. ಶಾಲೆಯಲ್ಲಿ ಮರಾಠಿ, ಹಿಂದಿ ಇರುವುದರಿಂದ ದೇವನಾಗರಿ ಸಲೀಸು. ಕನ್ನಡ ಅಕ್ಷರ ಕಾಣುವುದು ಭಾನುವಾರದ ತರಗತಿಯಲ್ಲಿ ಮಾತ್ರ. ಡೊಂಬಿವಲಿಯಲ್ಲಿ ಅಂಥದ್ದೊಂದು ತರಗತಿಗೆ ನಾನು ಪಾಠ ಮಾಡುತ್ತೇನೆ. ಆ ಮಕ್ಕಳಿಗಾಗಿ ಟ್ವೈನ್‌ನಲ್ಲಿ ಒಂದು ಕಥೆ ಕಟ್ಟಿದೆ. ಹಗಲು ಮಾಟುಂಗದ ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ಶಾಲೆಗೆ ಹೋಗುವ ಹುಡುಗನ ಕಥೆ. ಅವನು ಮುಂದೇನು ಮಾಡಬೇಕು ಅನ್ನುವುದನ್ನು ಓದುವವರೇ ಆರಿಸುತ್ತಾ ಹೋಗಬೇಕು.

ಟ್ವೈನ್ ಗೊತ್ತಿಲ್ಲದವರಿಗೆ ಎರಡು ಮಾತು. ಓದುವವರೇ ದಾರಿ ಆರಿಸುವಂಥ ಕಥೆಗಳನ್ನು ಕಟ್ಟುವ ಸಾಫ್ಟ್‌ವೇರ್ ಇದು. ಕ್ರಿಸ್ ಕ್ಲಿಮಾಸ್ 2009ರಲ್ಲಿ ಇದನ್ನು ಹೊರತಂದರು. ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಕಥೆಯ ಒಂದೊಂದು ತುಣುಕನ್ನೂ ಪ್ಯಾಸೇಜ್ ಅನ್ನುತ್ತಾರೆ. ಕಥೆ ಹೇಗೆ ಕಾಣಬೇಕು ಅನ್ನುವುದು ಸ್ಟೋರಿ ಟ್ಯಾಬ್‌ನಲ್ಲಿರುವ ಸ್ಟೈಲ್‌ಶೀಟ್‌ನಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಬರೆಯುವುದು ಸಿಎಸ್‌ಎಸ್, ಅಂದರೆ ಪುಟದ ಅಕ್ಷರ, ಬಣ್ಣ, ಅಂತರ ಹೇಗಿರಬೇಕೆಂದು ಬ್ರೌಸರ್‌ಗೆ ಹೇಳುವ ಭಾಷೆ. ಅದು ನನಗೆ ಮೊದಲು ಬರುತ್ತಿರಲಿಲ್ಲ. ಬೇಕಾದಷ್ಟನ್ನೇ ಕಲಿತುಕೊಂಡೆ.

ಕಥೆಯನ್ನು ಪರದೆಯ ಮೇಲೆ ತೋರಿಸಲು ಟ್ವೈನ್‌ನಲ್ಲಿ ಕೆಲವು ನಮೂನೆಗಳಿವೆ. ಮಾಮೂಲಿಯಾಗಿ ಸಿಗುವುದು ಹಾರ್ಲೋ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಜಾರ್ಜಿಯಾ ಫಾಂಟ್. ಜಾರ್ಜಿಯಾದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಬ್ರೌಸರ್ ತನ್ನ ಕೈಗೆ ಸಿಕ್ಕಿದ ಕನ್ನಡ ಫಾಂಟನ್ನು ತಂದು ಹಾಕುತ್ತದೆ. ವಿಂಡೋಸ್‌ನಲ್ಲಿ ಒಂದು, ಐಫೋನ್‌ನಲ್ಲಿ ಇನ್ನೊಂದು, ಆಂಡ್ರಾಯ್ಡ್‌ನಲ್ಲಿ ಮತ್ತೊಂದು. ಜಾರ್ಜಿಯಾ ಇರುವ ಸಾಧನಗಳಲ್ಲಿ ಅಂಕಿಗಳು ಮಾತ್ರ ಅದರಿಂದಲೇ ಬರುತ್ತವೆ. ಆ ಫಾಂಟಿನಲ್ಲಿ 3, 4, 5, 7, 9 ಸಾಲಿನಿಂದ ಕೆಳಗೆ ಇಳಿಯುತ್ತವೆ. ಕನ್ನಡದ ನಡುವೆ ಇಸವಿ ಬಂದರೆ ಏರುಪೇರಾಗಿ ಕಾಣುತ್ತದೆ. ಅದಕ್ಕೇ ಮೊದಲು ಫಾಂಟನ್ನೇ ಬದಲಿಸಿದೆ.

ಆರಿಸಿದ್ದು ಅನೇಕ್ ಕನ್ನಡ. ಮುಂಬೈಯದೇ ಎಕ್ ಟೈಪ್ ಸಂಸ್ಥೆ 2022ರಲ್ಲಿ ಬಿಡುಗಡೆ ಮಾಡಿದ ಅನೇಕ್ ಎಂಬ ಫಾಂಟ್ ಕುಟುಂಬದ್ದು ಇದು. ಹತ್ತು ಲಿಪಿಗಳು ಇವೆ, ಎಲ್ಲವನ್ನೂ ಜೊತೆಜೊತೆಗೆ ರೂಪಿಸಿದ್ದಾರೆ. ನನ್ನ ಕಥೆಯಲ್ಲಿ ಲೋಕಲ್ ಟ್ರೇನಿನವರು ಮರಾಠಿ ಮಾತಾಡುತ್ತಾರೆ. ಆ ಮಾತನ್ನು ದೇವನಾಗರಿಯಲ್ಲೇ ಇಟ್ಟಿದ್ದೇನೆ. ಅನೇಕ್ ಕನ್ನಡವೂ ಅನೇಕ್ ದೇವನಾಗರಿಯೂ ಒಂದೇ ತೂಕದ್ದಾದ್ದರಿಂದ ಎರಡು ಲಿಪಿ ಪಕ್ಕಪಕ್ಕ ಕೂತರೂ ಕಣ್ಣಿಗೆ ಕಿರಿಕಿರಿ ಇಲ್ಲ. ಆದರೂ ಕನ್ನಡವನ್ನು ಒಂದು ಚೂರು ದೊಡ್ಡದಾಗಿ ಇಟ್ಟೆ. ನಿಧಾನವಾಗಿ ಓದುವ ಲಿಪಿಗೆ ಅಷ್ಟು ಜಾಗ ಸಿಗಲೇಬೇಕು, ಅಲ್ವಾ?

ಫಾಂಟ್ ಯಾವುದೇ ಇರಲಿ, ಕೆಲವು ಪದ ಟೈಪ್ ಮಾಡಿ ನೋಡದೆ ನಾನು ಒಪ್ಪುವುದಿಲ್ಲ. ‘ರಾಷ್ಟ್ರ, ಸ್ತ್ರೀ, ಧರ್ಮ, ಕೃಷ್ಣ, ಪಥ, ಭಾಷೆ’. ದ, ಧ, ಥ ಮೂರೂ ಬೇರೆಬೇರೆಯಾಗಿ ಕಾಣಬೇಕು. ಪ ಮತ್ತು ಷ ಕೂಡ. ಇದನ್ನು ಫೋನಿನಲ್ಲೇ ನೋಡಬೇಕು, ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿನಲ್ಲಿ ಅಕ್ಷರದ ಬಾಲ ಸ್ವಲ್ಪ ಕೆಳಗೆ ಇಳಿಯುತ್ತದೆ, ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ ಪೂರ್ತಿ ಕೆಳಗೆ ಕೂರುತ್ತದೆ. ‘ಷ್ಟ್ರ’ದಲ್ಲಿ ಎರಡು ಒತ್ತು. ಮೇಲೆ ಗುಡಿಸು, ತಲೆಕಟ್ಟು ಬೇರೆ. ಸಾಲು ಬಿಗಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದಲು ಕಲಿಯುವ ಮಗುವಿಗೆ ಯಾವುದು ಯಾರದ್ದು ಅಂತಲೇ ತಿಳಿಯುವುದಿಲ್ಲ. ನಾನು ಲೈನ್-ಹೈಟ್ (ಸಾಲಿನ ಎತ್ತರ) 1.9 ಇಟ್ಟೆ, ಅಂದರೆ ಅಕ್ಷರದ ಗಾತ್ರದ 1.9 ಪಟ್ಟು. ಪಿಕ್ಸೆಲ್‌ನಲ್ಲಿ ಹೇಳದೆ ಸುಮ್ನೆ ಸಂಖ್ಯೆ ಕೊಟ್ಟರೆ ಅಕ್ಷರ ದೊಡ್ಡದಾದ ಹಾಗೆ ಅಂತರವೂ ತಾನೇ ಹಿಗ್ಗುತ್ತದೆ. ಇದೊಂದನ್ನು ಮಾಡಿದ ಮೇಲೆ ಮಕ್ಕಳು ಸಾಲಿನ ಕೆಳಗೆ ಬೆರಳಿಟ್ಟು ಓದುವುದು ಕಮ್ಮಿಯಾಯಿತು. ನನಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡವೇ ಬೇಡ. ನಮ್ಮ ಪದಗಳು ಉದ್ದ. ‘ಹೋಗಬೇಕಾಗಿತ್ತಲ್ಲವೇ’ ಅನ್ನುವಂಥ ಒಂದು ಪದ ಕೆಳಗಿನ ಸಾಲಿಗೆ ಜಾರಿದರೆ ಫೋನಿನ ಪರದೆಯಲ್ಲಿ ಮೇಲಿನ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ಆಗುತ್ತದೆ. ಎಡಕ್ಕೆ ಸಾಲುಗಟ್ಟಿದರೆ ಸಾಕು.

ಓರೆ ಅಕ್ಷರವನ್ನೂ ಕೈಬಿಟ್ಟೆ. ಅನೇಕ್ ಕನ್ನಡದಲ್ಲಿ ಇಟಾಲಿಕ್ ಇಲ್ಲ. ಕೇಳಿದರೆ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಎಳೆದು ಬಗ್ಗಿಸುತ್ತದೆ, ದುಂಡು ಕೆಡುತ್ತದೆ. ಹುಡುಗ ಮನಸ್ಸಿನಲ್ಲೇ ಅಂದುಕೊಳ್ಳುವ ಮಾತಿಗೆ ಓರೆ ಬದಲು ಬೇರೆ ಬಣ್ಣ ಕೊಟ್ಟೆ. ದಪ್ಪ ಅಕ್ಷರದ ವಿಷಯದಲ್ಲೂ ಎಚ್ಚರ ಬೇಕು. ಫಾಂಟಿನ ದಪ್ಪ ರೂಪವನ್ನೂ ಸೇರಿಸಿಕೊಳ್ಳದಿದ್ದರೆ ಬ್ರೌಸರ್ ತೆಳು ಅಕ್ಷರಕ್ಕೇ ಮಸಿ ಬಳಿದು ದಪ್ಪ ಮಾಡುತ್ತದೆ. ಣ, ಞ, ಋ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಹಾರ್ಲೋದಲ್ಲಿ ಕೊಂಡಿಗಳು (ಒತ್ತಿದರೆ ಮುಂದಿನ ಪ್ಯಾಸೇಜ್‌ಗೆ ಒಯ್ಯುವ ಲಿಂಕ್‌ಗಳು) ದಪ್ಪ ಅಕ್ಷರದಲ್ಲೇ ಬರುವುದರಿಂದ ಇದು ಮುಖ್ಯ.

ಬಣ್ಣಕ್ಕೆ ಕಥೆಯೇ ದಾರಿ ತೋರಿಸಿತು. ಹಗಲಿನ ಪ್ಯಾಸೇಜ್‌ಗಳಿಗೆ ‘ಹಗಲು’, ರಾತ್ರಿಯವಕ್ಕೆ ‘ರಾತ್ರಿ’ ಅಂತ ಟ್ಯಾಗ್ ಹಾಕಿದೆ. ಟ್ಯಾಗ್ ಕನ್ನಡದಲ್ಲಿದ್ದರೂ ಕೆಲಸ ಮಾಡುತ್ತದೆ. ಹಾರ್ಲೋ ಆ ಟ್ಯಾಗನ್ನು ಪುಟದ ಮೇಲೆ ಗುರುತು ಮಾಡಿಡುತ್ತದೆ. ‘ಈ ಟ್ಯಾಗ್ ಇದ್ದರೆ ಈ ಬಣ್ಣ’ ಎಂದು ಸ್ಟೈಲ್‌ಶೀಟ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಹೋಟೆಲಿನ ಹಗಲು ಕೆನೆ ಬಣ್ಣದ ಮೇಲೆ ಕಡು ಕಂದು. ಶಾಲೆಯ ರಾತ್ರಿ ಕಡು ನೀಲಿಯ ಮೇಲೆ ತಿಳಿ ಹಳದಿ. ಅಪ್ಪಟ ಕಪ್ಪಿನ ಮೇಲೆ ಅಪ್ಪಟ ಬಿಳಿ ಹಾಕಲಿಲ್ಲ. ರಾತ್ರಿ ಹೊತ್ತು ಅದು ಕಣ್ಣಿಗೆ ಚುಚ್ಚುತ್ತದೆ.

ಚೆಂದ ಕಂಡರೆ ಸಾಲದು, ಓದಲೂ ಆಗಬೇಕು. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎಂದು ವೆಬ್‌ನ ಸುಲಭ ಬಳಕೆಯ ನಿಯಮ ಹೇಳುತ್ತದೆ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಅಕ್ಷರದ ಬಣ್ಣದ ಚೌಕ ಒತ್ತಿದರೆ ಈ ಲೆಕ್ಕ ಸಿಗುತ್ತದೆ. ಹಾರ್ಲೋದ ಕೊಂಡಿಯ ನೀಲಿ ಕಪ್ಪಿನ ಮೇಲೆ 4.5ಕ್ಕಿಂತ ಚೂರು ಕಮ್ಮಿಯೇ. ನನ್ನ ಕಡು ನೀಲಿಯ ಮೇಲಂತೂ ಅದು ಮುಳುಗಿಯೇ ಹೋಗುತ್ತಿತ್ತು. ಅಲ್ಲಿ ಕೊಂಡಿಗೆ ಕಿತ್ತಳೆ ಕೊಟ್ಟೆ. ಬಣ್ಣ ಗುರುತಿಸಲು ಕಷ್ಟಪಡುವವರೂ ಇರುತ್ತಾರೆ. ಅದಕ್ಕೆ ಕೊಂಡಿಯ ಅಡಿಯಲ್ಲಿ ಗೆರೆಯನ್ನೂ ಹಾಕಿದೆ, ಒತ್ತಕ್ಷರ ದಾಟಿ ಕೆಳಗೆ ಬರುವ ಹಾಗೆ ಅಂತರ ಕೊಟ್ಟು.

ಕೊನೆಯದು ನೆಟ್‌ವರ್ಕ್. ಟ್ವೈನ್ ಕಥೆ ಬ್ರೌಸರ್‌ನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಸಿಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಫಾಂಟ್ ಗೂಗಲ್ ಫಾಂಟ್ಸ್‌ನಿಂದ ಬರುವಂತೆ ಮಾಡಿದ್ದರೆ ಇಂಟರ್ನೆಟ್ ಇಲ್ಲದಾಗ ಅದು ಬರುವುದಿಲ್ಲ. ಥಾಣೆ ಬಳಿಯ ಪಾರ್ಸಿಕ್ ರೈಲು ಸುರಂಗದಲ್ಲಿ ಯಾರ ಫೋನಿಗೆ ಸಿಗ್ನಲ್ ಸಿಗುತ್ತದೆ ಹೇಳಿ! ಅನೇಕ್‌ನ ಲೈಸೆನ್ಸ್ ಮುಕ್ತವಾದದ್ದು, ಫಾಂಟನ್ನು ಜೊತೆಗೆ ಸೇರಿಸಿಕೊಡಲು ಅಡ್ಡಿಯಿಲ್ಲ. ಫಾಂಟನ್ನು ಬೇಸ್64 ಪಠ್ಯವಾಗಿ (ಫೈಲನ್ನು ಬರೀ ಅಕ್ಷರ, ಅಂಕಿಗಳ ಸಾಲಾಗಿ ಬರೆಯುವ ರೀತಿ) ಬದಲಿಸಿ ಸ್ಟೈಲ್‌ಶೀಟ್‌ನಲ್ಲೇ ಅಂಟಿಸಿದೆ. ಅದು ಕೆಲಸ ಮಾಡದಿದ್ದರೆ ಇರಲಿ ಎಂದು, ಅದರ ಹಿಂದೆ ಆಂಡ್ರಾಯ್ಡ್‌ಗೆ ನೋಟೋ ಸ್ಯಾನ್ಸ್ ಕನ್ನಡ, ಮ್ಯಾಕ್‌ಗೆ ಕನ್ನಡ ಸಂಗಮ್ ಎಂಎನ್, ವಿಂಡೋಸ್‌ಗೆ ನಿರ್ಮಲಾ ಯುಐ ಎಂದು ಸಾಲಾಗಿ ಬರೆದೆ. ಫೈಲ್ ಸ್ವಲ್ಪ ಭಾರವಾಯಿತು, ಪರವಾಗಿಲ್ಲ. ಬ್ರೌಸರ್‌ನಲ್ಲಿ ಬರೆಯುವವರು ಆಗಾಗ ಆರ್ಕೈವ್ ಫೈಲ್ (ಕಥೆಗಳೆಲ್ಲದರ ನಕಲು) ಇಳಿಸಿಟ್ಟುಕೊಳ್ಳಿ. ಕಥೆ ಉಳಿಯುವುದು ಬ್ರೌಸರ್‌ನ ನೆನಪಿನಲ್ಲಿ. ಅದನ್ನು ಅಳಿಸಿದರೆ ಕಥೆಯ ಜೊತೆಗೆ ಸ್ಟೈಲ್‌ಶೀಟೂ ಹೋಗುತ್ತದೆ.