ಅಳಿವೆಯ ಪಚ್ಚಿಲೆ, ಕೊಳದ ಮುತ್ತು: ಉಡುಪಿ–ಮಂಗಳೂರಿನಿಂದ ಒಂದು ದಿನದ ಭೇಟಿಗೆ ಸಿದ್ಧತೆ

ಮಲ್ಪೆ ಬಂದರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬೋಟುಗಳನ್ನೂ ಮೀನಿನ ರಾಶಿಯನ್ನೂ ತೋರಿಸುವ ಪದ್ಧತಿ ನಮ್ಮ ಕಡೆ ಹಳೆಯದು. ಆದರೆ ಅಲ್ಲಿಂದ ದೂರವಿಲ್ಲದ ಅಳಿವೆಗಳಲ್ಲಿ ಪಚ್ಚಿಲೆ, ಸಿಂಪಿ ಎಂಬ ತಿನ್ನುವ ಚಿಪ್ಪುಜೀವಿಗಳನ್ನು ಹಗ್ಗಕ್ಕೆ ಕಟ್ಟಿ, ಗದ್ದೆಯ ಬೆಳೆಯ ಹಾಗೆ ಕಾದು ಬೆಳೆಸುವ ಕೆಲಸವನ್ನು ಹತ್ತಿರದಿಂದ ಕಂಡವರು ಕಡಿಮೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಿ ಬರುವಂತೆ ಈ ಭೇಟಿಯನ್ನು ಮಾಡಬಹುದು. ಆದರೆ ಇದಕ್ಕೆ ರಜೆಯ ದಿನ ನೋಡಿದರೆ ಸಾಲದು. ತಿಂಗಳನ್ನೂ ತಿಥಿಯನ್ನೂ ನೀರಿನ ಇಳಿತದ ಹೊತ್ತನ್ನೂ ನೋಡಿ ಹೊರಡಬೇಕು.

ಹೊರಡುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನಮ್ಮ ಅಳಿವೆಗಳಲ್ಲಿ ಸಾಕುವುದು ತಿನ್ನುವ ಚಿಪ್ಪುಗಳನ್ನು: ಹಸಿರು ಅಂಚಿನ ಪಚ್ಚಿಲೆ ಮತ್ತು ಹೋಟೆಲುಗಳಲ್ಲಿ ಆಯ್ಸ್ಟರ್ ಎಂದು ಬಡಿಸುವ ಸಿಂಪಿ. ಇವುಗಳಿಂದ ಆಭರಣದ ಮುತ್ತು ಸಿಗುವುದಿಲ್ಲ. ಸಮುದ್ರದ ಮುತ್ತು ಕೊಡುವ ಪಿಂಕ್ಟಾಡಾ ಫ್ಯುಕಾಟಾ ಎಂಬ ಬೇರೆ ಚಿಪ್ಪಿಗೆ ಪ್ರಸಿದ್ಧವಾದ ನೀರು ತಮಿಳುನಾಡಿನ ತೂತ್ತುಕುಡಿಯ ಕಡೆಯದು. ಭಾರತದಲ್ಲಿ ಕೃಷಿ ಮುತ್ತನ್ನು ಮೊದಲು ಪಡೆದದ್ದೂ ಅಲ್ಲಿಯ ವೆಪ್ಪಲೋಡೈಯಲ್ಲಿ, 1973ರಲ್ಲಿ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಅಳಗರಸ್ವಾಮಿ ಅವರ ಪ್ರಯತ್ನದಿಂದ. ನಮ್ಮ ಕಡೆ ಮುತ್ತು ಬೆಳೆಯಲು ಹೊರಟವರು ಆರಿಸಿಕೊಳ್ಳುವುದು ಸಿಹಿನೀರಿನ ಚಿಪ್ಪನ್ನು, ಅದೂ ತೋಟದ ಕೊಳ ಅಥವಾ ಸಿಮೆಂಟಿನ ತೊಟ್ಟಿಯಲ್ಲಿ. ಹೀಗಾಗಿ ಬೆಳಿಗ್ಗೆ ಅಳಿವೆ, ಮಧ್ಯಾಹ್ನದ ಮೇಲೆ ಕೊಳ ಎಂದು ದಿನವನ್ನು ಎರಡು ಭಾಗ ಮಾಡಿಕೊಳ್ಳುವುದು ಅನುಕೂಲ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ಅಳಿವೆಗೇ ಹೋಗಿ ಎಂಬುದು ನನ್ನ ಸಲಹೆ, ಏಕೆಂದರೆ ನೋಡಿ ತಿಳಿಯುವ ಸಂಗತಿಗಳು ಅಲ್ಲಿ ಹೆಚ್ಚು.

ತಿಂಗಳನ್ನು ಗೊತ್ತುಮಾಡುವುದು ಮಳೆ. ಪಚ್ಚಿಲೆಗೆ ಸಮುದ್ರದಷ್ಟೇ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಉಪ್ಪಿರುವ ನೀರು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೀರೆಲ್ಲ ಹೊಳೆಗಳಲ್ಲಿ ಇಳಿದು ಬರುವಾಗ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿಬಿಡುತ್ತದೆ. ಆಗ ಹಗ್ಗದ ಮೇಲೆ ಪಚ್ಚಿಲೆ ಉಳಿಯುವುದಿಲ್ಲ. ಆದ್ದರಿಂದ ಮಳೆ ಹಿಂದೆ ಸರಿದು ನೀರಿಗೆ ಉಪ್ಪು ಮರಳಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಪಚ್ಚಿಲೆಯ ಮರಿಗಳನ್ನು ಹಗ್ಗಕ್ಕೆ ಕಟ್ಟುವ ಕೆಲಸ ನಡೆಯುತ್ತದೆ. ಐದಾರು ತಿಂಗಳು ಬೆಳೆಸಿ, ಮುಂದಿನ ಮಳೆಗಾಲದ ಮೊದಲು, ಏಪ್ರಿಲ್–ಮೇ ಹೊತ್ತಿಗೆ ಕೊಯ್ಲು ಮುಗಿಸುತ್ತಾರೆ. ಕಟ್ಟುವುದನ್ನು ನೋಡಬೇಕಾದವರು ನವೆಂಬರ್‌ನಲ್ಲಿಯೂ, ಕೊಯ್ಲು ನೋಡಬೇಕಾದವರು ಏಪ್ರಿಲ್‌ನಲ್ಲಿಯೂ ಹೋಗಬೇಕು. ಜನವರಿ–ಫೆಬ್ರವರಿಯಲ್ಲಿ ಹವೆ ಹಿತವಾಗಿರುತ್ತದೆ ನಿಜ, ಆದರೆ ಆಗ ಬೆಳೆಗಾರರಿಗೆ ಮಾಡುವ ಕೆಲಸ ಕಡಿಮೆ, ನಮಗೆ ನೋಡುವುದೂ ಕಡಿಮೆ.

ತಿಂಗಳು ನಿಶ್ಚಯವಾದ ಮೇಲೆ ದಿನವನ್ನು ಚಂದ್ರನನ್ನು ನೋಡಿ ಆರಿಸಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಆಳವಾಗಿರುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತಗಳ ಅಂತರ ಕುಗ್ಗುತ್ತದೆ. ಇಳಿತ ಚೆನ್ನಾಗಿದ್ದರೆ ಹಗ್ಗಗಳ ಮೇಲ್ಭಾಗ ನೀರಿನಿಂದ ಹೊರಬಂದು ಕಣ್ಣಿಗೆ ಕಾಣುತ್ತದೆ. ಉಬ್ಬರದ ಹೊತ್ತಿಗೆ ತಲುಪಿದರೆ ನೀರಿನ ಮೇಲೆ ನಾಲ್ಕು ಬಿದಿರಿನ ತುದಿಗಳ ಹೊರತು ಏನೂ ಕಾಣದು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೈದರಾಬಾದಿನ ಇಂಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಸಮುದ್ರದ ಸ್ಥಿತಿಯನ್ನೂ ಉಬ್ಬರ ಇಳಿತದ ವೇಳೆಯನ್ನೂ ಮುಂಚಿತವಾಗಿ ಪ್ರಕಟಿಸುತ್ತದೆ; ಆದರೆ ಅಳಿವೆಯ ಬಾಯಿಯಿಂದ ಒಳಗೆ ಹೋದಷ್ಟೂ ಇಳಿತ ತಡವಾಗಿ ಬರುವುದರಿಂದ, ಕೊನೆಯ ಮಾತನ್ನು ಆ ಜಾಗದ ಬೆಳೆಗಾರರನ್ನೇ ಕೇಳಬೇಕು. ನೀರು ಅತಿ ಕೆಳಗಿಳಿಯುವ ಹೊತ್ತಿಗಿಂತ ಒಂದು ಗಂಟೆ ಮೊದಲು ದಡದಲ್ಲಿದ್ದರೆ, ನೀರು ಇಳಿಯುತ್ತಾ ಹಗ್ಗಗಳನ್ನು ಇಳಿಬಿಟ್ಟ ಚಪ್ಪರ ಮೇಲೇಳುವುದನ್ನು ನೋಡುತ್ತಲೇ ದೋಣಿ ಹತ್ತಬಹುದು.

ಎಲ್ಲಿಗೆ ಹೋಗಬೇಕು? ಮಂಗಳೂರಿನಿಂದ ಬರುವವರಿಗೆ ಶಾಂಭವಿ ಮತ್ತು ನಂದಿನಿ ಹೊಳೆಗಳು ಸಮುದ್ರ ಸೇರುವ ಮೂಲ್ಕಿ–ಸಸಿಹಿತ್ಲು ಹತ್ತಿರ. 1990ರ ದಶಕದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದವರು ಪಚ್ಚಿಲೆ ಸಾಕಣೆಯ ಪ್ರಯೋಗಗಳನ್ನು ನಡೆಸಿದ್ದು ಈ ಮೂಲ್ಕಿ ಅಳಿವೆಯಲ್ಲಿಯೇ. ಉಡುಪಿಯಿಂದ ಉತ್ತರಕ್ಕೆ ಸ್ವರ್ಣಾ ಮತ್ತು ಸೀತಾ ನದಿಗಳು ಕೂಡುವ ಕೋಡಿ ಬೆಂಗ್ರೆ–ಹಂಗಾರಕಟ್ಟೆಯ ನೀರು, ಇನ್ನೂ ಮುಂದೆ ಐದು ಹೊಳೆಗಳು ಒಂದಾಗುವ ಕುಂದಾಪುರ–ಗಂಗೊಳ್ಳಿಯ ಹಿನ್ನೀರು ಇಂಥ ಸಾಕಣೆಗೆ ಒಗ್ಗುವಂಥವು. ಕೊಂಕಣ ರೈಲಿನಲ್ಲಿ ಹೋಗುವವರಿಗೆ ಮೂಲ್ಕಿ, ಬಾರ್ಕೂರು, ಕುಂದಾಪುರ ನಿಲ್ದಾಣಗಳು ಇವಕ್ಕೆ ಸಮೀಪ. ಆದರೆ ಅಳಿವೆಯ ಸಾಕಣೆ ತೋಟದ ಹಾಗೆ ಒಂದೇ ಕಡೆ ನೆಲೆನಿಂತಿರುವುದಿಲ್ಲ. ಮರಳಿನ ದಿಬ್ಬ ಸರಿದರೆ, ಮರಿ ಸಿಗದಿದ್ದರೆ, ಒಂದು ವರ್ಷ ಕಟ್ಟಿದ ಜಾಗದಲ್ಲಿ ಮರುವರ್ಷ ಕಟ್ಟುವುದಿಲ್ಲ. ಜಿಲ್ಲಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಈ ವರ್ಷ ಯಾರು ಎಲ್ಲಿ ಕಟ್ಟಿದ್ದಾರೆ ಎಂದು ವಿಚಾರಿಸಿ, ಆ ಬೆಳೆಗಾರರೊಡನೆ ಅಥವಾ ಮಹಿಳಾ ಸ್ವಸಹಾಯ ಗುಂಪಿನವರೊಡನೆ ಫೋನಿನಲ್ಲಿ ಮಾತನಾಡಿಯೇ ಹೊರಡಿ.

ಮಾತನಾಡುವಾಗ ನಾಲ್ಕು ವಿಷಯ ಕೇಳಿಕೊಳ್ಳಬೇಕು: ಆ ದಿನ ಏನು ಕೆಲಸ ನಡೆಯುತ್ತದೆ, ಎಷ್ಟು ಜನ ಬಂದರೆ ಅವರಿಗೆ ತೊಂದರೆಯಾಗದು, ದೋಣಿ ಯಾರದು, ಬಾಡಿಗೆ ಎಷ್ಟು. ಅವರು ನಮಗಾಗಿ ಕೆಲಸ ನಿಲ್ಲಿಸಿ ವಿವರಿಸುವ ಹೊತ್ತಿಗೆ ಬೆಲೆಯಿದೆ. ದೋಣಿಯ ಬಾಡಿಗೆಯ ಜೊತೆಗೆ ಅದಕ್ಕೂ ಇಷ್ಟೆಂದು ಮೊದಲೇ ಮಾತಾಡಿ ಕೊಡುವುದು ನ್ಯಾಯ. ಎಂಟು ಹತ್ತು ಜನಕ್ಕಿಂತ ದೊಡ್ಡ ಗುಂಪನ್ನು ಒಟ್ಟಿಗೆ ಕರೆದೊಯ್ಯಬೇಡಿ. ನೀರಿನಲ್ಲಿ ಸೊಂಟದವರೆಗೆ ನಿಂತು ದುಡಿಯುವ ಹೆಂಗಸರ ಫೋಟೊವನ್ನು ಅವರನ್ನು ಕೇಳದೆ ತೆಗೆಯಬಾರದು.

ಉಡುಪಿನ ವಿಷಯದಲ್ಲಿ ಮುಖ್ಯವಾದದ್ದು ಕಾಲು. ಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ, ಅಳಿವೆಯ ಕೆಸರಿನಲ್ಲಿ ಅದು ಕಾಣುವುದೂ ಇಲ್ಲ. ಅಲ್ಲಿಯ ನೀರಿನಲ್ಲಾದ ಗಾಯ ಬೇಗ ಕೀವಾಗುತ್ತದೆ. ಚಪ್ಪಲಿ ಕೆಸರಿನಲ್ಲಿ ಕಳಚಿಹೋಗುವುದರಿಂದ ಹಿಮ್ಮಡಿ ಮುಚ್ಚುವ, ಗಟ್ಟಿ ಅಟ್ಟೆಯ ಹಳೆಯ ಬೂಟುಗಳನ್ನೇ ಹಾಕಿಕೊಳ್ಳಬೇಕು. ಹಗ್ಗ ಮುಟ್ಟುವವರಿಗೆ ಕೈಗವಸು ಬೇಕು. ಈಜು ಬಂದರೂ ಬಾರದಿದ್ದರೂ ದೋಣಿಯಲ್ಲಿ ಲೈಫ್ ಜಾಕೆಟ್ ತೊಡಬೇಕು. ಅಳಿವೆಯ ಬಾಯಲ್ಲಿ ನೀರು ಇಳಿಯುವಾಗಿನ ಸೆಳೆತವನ್ನು ದಡದಲ್ಲಿ ನಿಂತು ಅಂದಾಜು ಮಾಡಲಾಗದು.

ಚಪ್ಪರದ ಬಳಿಗೆ ತಲುಪಿದ ಮೇಲೆ ಅವಸರ ಮಾಡಬಾರದು. ಹೊಳೆಯ ತಳಕ್ಕೆ ಊರಿದ ಬಿದಿರಿನ ಅಥವಾ ಅಡಿಕೆ ಮರದ ಕಂಬಗಳು, ಅವುಗಳ ಮೇಲೆ ಅಡ್ಡಕ್ಕೆ ಕಟ್ಟಿದ ಗಳಗಳು, ಗಳಗಳಿಂದ ಸಾಲಾಗಿ ನೀರಿಗೆ ಇಳಿಬಿಟ್ಟ ಹಗ್ಗಗಳು: ಸಾಕಣೆಯ ರಚನೆ ಇಷ್ಟೇ. ಹಗ್ಗದ ತುದಿ ತಳದ ಕೆಸರಿಗೆ ತಾಗಿದೆಯೇ ಎಂದು ಗಮನಿಸಿ, ತಾಗುವುದಿಲ್ಲ, ತಾಗಬಾರದು. ತಾಗಿದರೆ ಏಡಿಗಳು ಹಗ್ಗ ಹಿಡಿದು ಹತ್ತಿ ಎಳೆಯ ಚಿಪ್ಪುಗಳನ್ನು ಒಡೆದು ತಿನ್ನುತ್ತವೆ, ಹೂಳು ಮೆತ್ತಿಕೊಂಡು ಉಳಿದವು ಸಾಯುತ್ತವೆ.

ಕಟ್ಟುವ ಕಾಲದಲ್ಲಿ ಹೋದರೆ ಈ ಇಡೀ ಕಸುಬಿನ ಜಾಣ್ಮೆ ಕಾಣುವುದು ಮರಿ ಕೂರಿಸುವ ಕೆಲಸದಲ್ಲಿ. ಮಳೆಗಾಲ ಕಳೆದ ಮೇಲೆ ಸಮುದ್ರದಂಚಿನ ಬಂಡೆಗಳಿಂದ ಕೆರೆದು ತಂದ, ಬೆರಳಿನ ಒಂದು ಗೆಣ್ಣಿನಷ್ಟಿರುವ ಮರಿಗಳನ್ನು ತೊಳೆದು, ಹಗ್ಗದ ಸುತ್ತ ಹರಡಿ, ಮೇಲೆ ಹತ್ತಿಯ ಸೊಳ್ಳೆಪರದೆಯ ಬಟ್ಟೆಯನ್ನು ಸುತ್ತಿ ಹೊಲಿಯುತ್ತಾರೆ. ಪಚ್ಚಿಲೆ ತನ್ನ ಪಾದದ ಬುಡದಿಂದ ಗಟ್ಟಿಯಾದ ಎಳೆಗಳನ್ನು ಸುರಿಸಿ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಪಚ್ಚಿಲೆ ಹೆಚ್ಚುವಾಗ ನಾವು ಕಿತ್ತೆಸೆಯುವ ಕಪ್ಪು ನಾರು ಅದೇ. ಕೆಲವು ದಿನಗಳಲ್ಲಿ ಮರಿಗಳು ಹಗ್ಗಕ್ಕೆ ಕಚ್ಚಿಕೊಳ್ಳುತ್ತವೆ, ಅಷ್ಟರಲ್ಲಿ ಹತ್ತಿಯ ಬಟ್ಟೆ ಉಪ್ಪುನೀರಿನಲ್ಲಿ ಕರಗಿ ಉದುರಿಹೋಗುತ್ತದೆ. ನೈಲಾನ್ ಬಲೆ ಸುತ್ತಿದ್ದರೆ ಅದು ಕೊಳೆಯದೆ ಉಳಿದು ಮರಿಗಳನ್ನು ಬಿಗಿದು ಕೊಲ್ಲುತ್ತಿತ್ತು. ಸಾಧ್ಯವಾದರೆ ಆ ವಾರ ಕಟ್ಟಿದ ಒಂದು ಹಗ್ಗವನ್ನೂ ಹದಿನೈದು ದಿನ ಹಳೆಯದಾದ ಇನ್ನೊಂದನ್ನೂ ಎತ್ತಿ ತೋರಿಸಲು ಕೇಳಿ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ ಮಗು ಈ ವಿಷಯವನ್ನು ಮರೆಯುವುದಿಲ್ಲ. ಸಿಂಪಿಯನ್ನು ಹೀಗೆ ಹೊಲಿದು ಕೂರಿಸುವುದಿಲ್ಲ. ಖಾಲಿ ಚಿಪ್ಪುಗಳನ್ನು ತೂತು ಮಾಡಿ ಸರದಂತೆ ಪೋಣಿಸಿ, ಮರಿಗಳು ನೀರಿನಲ್ಲಿ ತೇಲುವ ಕಾಲಕ್ಕೆ ಸರಿಯಾಗಿ ಇಳಿಬಿಟ್ಟರೆ, ಅವು ತಾವಾಗಿಯೇ ಬಂದು ಅಂಟಿ, ಜೀವಮಾನವಿಡೀ ಅಲ್ಲಿಯೇ ಉಳಿಯುತ್ತವೆ.

ಇವಕ್ಕೆ ಯಾರೂ ಮೇವು ಹಾಕುವುದಿಲ್ಲ. ಪ್ರತಿಯೊಂದು ಚಿಪ್ಪು ಗಂಟೆಗೆ ಲೀಟರುಗಟ್ಟಲೆ ನೀರನ್ನು ಒಳಗೆ ಎಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಗಳನ್ನು ಸೋಸಿ ತಿಂದು, ನೀರನ್ನು ಹೊರಗೆ ಬಿಡುತ್ತದೆ. ಊರಿನ ಚರಂಡಿಯ ನೀರು ಹೊಳೆಗೆ ಸೇರಿದರೆ ಅದೂ ಇವುಗಳ ಹೊಟ್ಟೆಯ ಮೂಲಕವೇ ಹಾದುಹೋಗುತ್ತದೆ ಎಂಬುದನ್ನು ಅಲ್ಲಿ ನಿಂತು ಯೋಚಿಸಬೇಕು. ಹೊಳೆ ಹಾಳಾದರೆ ಮೊದಲು ಹಾಳಾಗುವುದು ಈ ಬೆಳೆಗಾರರ ಬೆಳೆ.

ಕೊಯ್ಲಿನ ಕಾಲದಲ್ಲಿ ಹೋದವರು ಪಚ್ಚಿಲೆಯನ್ನು ಅಲ್ಲಿಯೇ ಕೊಳ್ಳಬಹುದು. ಕೊಯ್ದ ಪಚ್ಚಿಲೆಯನ್ನು ಶುದ್ಧವಾದ ಸಮುದ್ರದ ನೀರಿನಲ್ಲಿ ಸುಮಾರು 24 ಗಂಟೆ ಇಟ್ಟು ಹೊಟ್ಟೆಯ ಮರಳು ಮತ್ತು ಕಸವನ್ನು ಹೊರಹಾಕಿಸಿದ್ದಾರೆಯೇ ಎಂದು ಕೇಳಿ. ಹಾಗೆ ಇಟ್ಟದ್ದನ್ನೇ ಆರಿಸಿ. ಒದ್ದೆ ಗೋಣಿಚೀಲದಲ್ಲಿ ನೆರಳಿನಲ್ಲಿಟ್ಟು ತಂದರೆ ಸಂಜೆಯವರೆಗೆ ಜೀವಂತವಾಗಿರುತ್ತವೆ; ಬಾವಿಯ ನೀರು ತುಂಬಿದ ಬಕೆಟ್ಟಿನಲ್ಲಿ ಹಾಕಿದರೆ ಸಾಯುತ್ತವೆ. ಬೇಯಿಸುವ ಮೊದಲು ಬಾಯಿ ತೆರೆದು, ತಟ್ಟಿದರೂ ಮುಚ್ಚದವನ್ನು ಎಸೆಯಬೇಕು. ಸುಕ್ಕ ಮಾಡಲಿ, ಪುಂಡಿ ಹಾಕಿ ಗಸಿ ಮಾಡಲಿ, ಚೆನ್ನಾಗಿ ಬೇಯಲಿ. ದೋಣಿಯಲ್ಲಿ ಕುಳಿತು ಹಸಿ ಸಿಂಪಿ ತಿನ್ನುವ ಆಸೆಯನ್ನು ದಯವಿಟ್ಟು ಬಿಡಿ. ಬೇಯಿಸಿದರೂ ಹೋಗದ ವಿಷವೊಂದಿದೆ ಎಂಬುದೂ ತಿಳಿದಿರಲಿ. ಕೆಲವು ಜಾತಿಯ ಸೂಕ್ಷ್ಮಜೀವಿಗಳು ನೀರಿನಲ್ಲಿ ಒಮ್ಮೆಲೇ ಹೆಚ್ಚಿದಾಗ ಅವುಗಳ ವಿಷ ಚಿಪ್ಪಿನ ಮಾಂಸದಲ್ಲಿ ಸೇರಿಕೊಳ್ಳುತ್ತದೆ, ಒಲೆಯ ಬಿಸಿಗೆ ಅದು ನಾಶವಾಗುವುದಿಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಕಡೆ ಚಿಪ್ಪು ತಿಂದವರು ಇಂಥ ವಿಷಕ್ಕೆ ತುತ್ತಾದದ್ದು ವಿಜ್ಞಾನಿಗಳಿಂದ ದಾಖಲಾಗಿದೆ. ಹೊಳೆ ಅಥವಾ ಕಡಲ ನೀರಿನ ಬಣ್ಣ ಏಕಾಏಕಿ ಬದಲಾದ ದಿನಗಳಲ್ಲಿ ಕೊಳ್ಳುವುದೂ ಬೇಡ, ತಿನ್ನುವುದೂ ಬೇಡ. ತಿಂದ ಮೇಲೆ ತುಟಿ, ನಾಲಗೆ ಜೋಮು ಹಿಡಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಊಟದ ನಂತರ ಮುತ್ತಿನ ಕೊಳಕ್ಕೆ ಹೋಗುವುದಾದರೆ, ಅಲ್ಲಿ ಕಣ್ಣಿಗೆ ಬೀಳುವುದು ಹಸಿರು ನೀರು ಮತ್ತು ತೇಲುವ ಪೈಪುಗಳಿಂದ ನೇತಾಡುವ ಬಲೆಚೀಲಗಳು ಮಾತ್ರ. ಆ ಹಸಿರೇ ಚಿಪ್ಪುಗಳ ಆಹಾರವಾದ ಪಾಚಿ. ತಿಳಿನೀರಿನ ಕೊಳ ಕಂಡರೆ ಅದು ಒಳ್ಳೆಯ ಲಕ್ಷಣವಲ್ಲ. ಬಳಸುವುದು ಹೆಚ್ಚಾಗಿ ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಎಂಬ, ನಮ್ಮ ಕೆರೆ ಹೊಳೆಗಳಲ್ಲೂ ಇರುವ ಚಿಪ್ಪು. ಇಲ್ಲಿ ನೋಡಲೇಬೇಕಾದದ್ದು ಶಸ್ತ್ರಕ್ರಿಯೆ. ಅದು ನಡೆಯುವ ದಿನವನ್ನು ಕೇಳಿಕೊಂಡೇ ಹೋಗಿ. ಚಿಪ್ಪನ್ನು ಒಂದು ಸೆಂಟಿಮೀಟರಿನಷ್ಟು ಮಾತ್ರ ತೆರೆದು, ಒಳಪದರವನ್ನು ಮೆಲ್ಲನೆ ಸರಿಸಿ, ಚಿಪ್ಪಿನ ಪುಡಿಯಿಂದ ಮಾಡಿದ ಮಣಿಯನ್ನೋ ಅಚ್ಚನ್ನೋ ಇಡುತ್ತಾರೆ. ಚಿಪ್ಪು ತನ್ನ ಒಳಗೋಡೆಗೆ ಹಚ್ಚುವ ಹೊಳಪಿನ ಪದರವನ್ನೇ ಆ ಅಚ್ಚಿನ ಮೇಲೂ ಪದರಪದರವಾಗಿ ಹಚ್ಚುತ್ತಾ ಹೋಗುತ್ತದೆ. ಅಚ್ಚು ಇಟ್ಟ ಚಿಪ್ಪುಗಳನ್ನು ಸುಮಾರು ಹತ್ತು ದಿನ ಔಷಧಿಯ ನೀರಿನಲ್ಲಿ ಆರೈಕೆ ಮಾಡಿ, ಸತ್ತವನ್ನೂ ಅಚ್ಚು ಉಗುಳಿದವನ್ನೂ ಆರಿಸಿ ತೆಗೆದು, ಉಳಿದವನ್ನು ಕೊಳಕ್ಕೆ ಬಿಡುತ್ತಾರೆ. ನಂತರ ಒಂದರಿಂದ ಒಂದೂವರೆ ವರ್ಷ ಕಾಯಬೇಕು.

ಗಣಪತಿಯ, ಶಿಲುಬೆಯ ಆಕಾರದಲ್ಲಿ ಸಿಗುವುದು ಹೀಗೆ ಅಚ್ಚಿಟ್ಟು ಬೆಳೆಸಿದ ಮುತ್ತು. ಅದು ಚಿಪ್ಪಿನ ಗೋಡೆಗೆ ಅಂಟಿ ಬೆಳೆಯುವುದರಿಂದ ಹಿಂಭಾಗ ಚಪ್ಪಟೆ. ದುಂಡು ಮುತ್ತು ಬೇಕಾದರೆ ಇನ್ನೊಂದು ಚಿಪ್ಪಿನಿಂದ ಕತ್ತರಿಸಿದ ಅಂಗಾಂಶದ ಚೂರನ್ನು ಮಣಿಯ ಜೊತೆ ಒಳಗಿಡಬೇಕು. ಅದು ಹೆಚ್ಚು ಕುಶಲತೆ ಬೇಡುವ ಕೆಲಸ, ಸೋಲುವುದೂ ಹೆಚ್ಚು. ಆದ್ದರಿಂದ ಚಿಕ್ಕ ಕೊಳದ ಪಕ್ಕದ ಮೇಜಿನ ಮೇಲೆ ಒಂದೇ ಗಾತ್ರದ ದುಂಡು ಮುತ್ತಿನ ಸರಗಳ ರಾಶಿ ಕಂಡರೆ, ಇವು ಇಲ್ಲಿಯೇ ಬೆಳೆದವೇ ಎಂದು ನೇರವಾಗಿ ಕೇಳಿ, ಬೆಳೆದ ಚಿಪ್ಪನ್ನು ತೋರಿಸಲು ಹೇಳಿ. ಎರಡು ಮುತ್ತುಗಳನ್ನು ಒಂದಕ್ಕೊಂದು ಹಗುರವಾಗಿ ಉಜ್ಜಿದಾಗ ನವಿರಾದ ಮರಳಿನ ತರಿ ಬೆರಳಿಗೆ ತಿಳಿದರೆ ಮುತ್ತು ನಿಜ. ಗಾಜು ಅಥವಾ ಪ್ಲಾಸ್ಟಿಕ್ ಜಾರುತ್ತದೆ.

ಭೇಟಿ ಮುಗಿಸಿ ತಮ್ಮ ತೋಟದಲ್ಲೂ ಇದನ್ನು ಮಾಡಬೇಕೆಂದು ಹೊರಡುವವರು ಇದ್ದಾರೆ. ಅದು ಒಳ್ಳೆಯ ಆಲೋಚನೆಯೇ. ಆದರೆ ಚಿಪ್ಪು, ಅಚ್ಚು ಎಲ್ಲವನ್ನೂ ನಾವೇ ಮಾರುತ್ತೇವೆ, ಮುತ್ತನ್ನು ನಾವೇ ಕೊಳ್ಳುತ್ತೇವೆ ಎಂದು ಮುಂಗಡ ಕೇಳುವವರಿಗೆ ಅದೇ ದಿನ ಹಣ ಕೊಡಬೇಡಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಮುತ್ತು ಕೃಷಿಯ ತರಬೇತಿ ಕೊಡುತ್ತದೆ. ಅಳಿವೆಯ ಸಾಕಣೆಯ ಬಗ್ಗೆ ಮಂಗಳೂರಿನಲ್ಲಿಯೇ, 1969ರಿಂದ ನಡೆಯುತ್ತಿರುವ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಮತ್ತು ಸಮುದ್ರ ಮೀನುಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಮೊದಲು ಅಲ್ಲಿ ವಿಚಾರಿಸಿ, ಒಂದು ಪೂರ್ತಿ ಮಳೆಗಾಲದಲ್ಲಿ ನಿಮ್ಮ ಕೊಳದ ನೀರು ಹೇಗಿರುತ್ತದೆ ಎಂದು ನೋಡಿ, ಆಮೇಲೆ ಕೆಲವೇ ಚಿಪ್ಪುಗಳಿಂದ ಆರಂಭಿಸಿ.