ನಿನ್ನೆಯ ಸಂಚಿಕೆಯ ಬಗ್ಗೆ ನಾಲ್ಕು ಮಾತು ಬರೆಯುವುದು ಹೇಗೆ?

ಕೇರಳದ ಗಡಿನಾಡು ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ರಾತ್ರಿ ಊಟದ ತನಕ ಒಂದಲ್ಲ ಒಂದು ಧಾರಾವಾಹಿ ಓಡುತ್ತಲೇ ಇರುತ್ತದೆ. ಮರುದಿನ ಬಸ್ಸಿನಲ್ಲಿ, ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಸಭೆ ಮುಗಿದ ಮೇಲೆ, ಅಡಿಕೆ ಸುಲಿಯುವಲ್ಲಿ ಅದರ ಬಗ್ಗೆ ನಡೆಯುವ ಮಾತುಕತೆಯಲ್ಲಿ ಎಷ್ಟೋ ಸಲ ಒಳ್ಳೆಯ ವಿಮರ್ಶಕನೂ ಗಮನಿಸದ ಸೂಕ್ಷ್ಮಗಳಿರುತ್ತವೆ. ಆದರೆ ಅದೇ ವೀಕ್ಷಕರು ಪೆನ್ನು ಹಿಡಿದಾಗ ಎಲ್ಲವೂ "ಚೆನ್ನಾಗಿತ್ತು", "ಸುಮ್ಮನೆ ಎಳೆದರು" ಎಂಬಲ್ಲಿಗೆ ಮುಗಿದುಹೋಗುತ್ತದೆ. ವಾಚನಾಲಯದ ಕೈಬರಹದ ಪತ್ರಿಕೆಗಾಗಲಿ, ದಿನಪತ್ರಿಕೆಯ ಓದುಗರ ಅಂಕಣಕ್ಕಾಗಲಿ ತಮ್ಮ ಅಭಿಪ್ರಾಯವನ್ನು ಬರೆಯಲು ಹೊರಟವರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಬರೆಯಬೇಕಾದದ್ದು ಸಂಚಿಕೆಯ ಬಗ್ಗೆಯೇ ಹೊರತು ಇಡೀ ಧಾರಾವಾಹಿಯ ಬಗ್ಗೆ ಅಲ್ಲ. ಎರಡು ಮೂರು ವರ್ಷ ಹರಿಯುವ ಕಥೆಯನ್ನು ಒಂದೇ ಉಸಿರಿನಲ್ಲಿ ಹೊಗಳಿದರೂ ತೆಗಳಿದರೂ ಓದುವವರಿಗೆ ಹಿಡಿತಕ್ಕೆ ಏನೂ ಸಿಗುವುದಿಲ್ಲ. ಸಂಚಿಕೆ ಶುರುವಾಗುವಾಗ ಯಾವ ಪಾತ್ರಕ್ಕೆ ಏನು ಗೊತ್ತಿತ್ತು, ಯಾರಿಗೆ ಏನು ಬೇಕಾಗಿತ್ತು, ಮುಗಿಯುವಾಗ ಅದರಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಬೇಕು. ಏನೂ ಬದಲಾಗಿಲ್ಲವೆಂದು ತೋರಿದರೆ ಅದೇ ನಿಮ್ಮ ಅಭಿಪ್ರಾಯದ ತಿರುಳು. ಆದರೆ ಅದನ್ನು ತೋರಿಸಿಕೊಡುವ ಹೊಣೆಯೂ ನಿಮ್ಮದೇ. ಕೇಬಲ್ ಟಿವಿ ನಿಯಮದ ಪ್ರಕಾರ ಜಾಹೀರಾತು ಗಂಟೆಗೆ 12 ನಿಮಿಷ ಮೀರುವಂತಿಲ್ಲ. ಆ ಲೆಕ್ಕದಲ್ಲಿ ಅರ್ಧ ಗಂಟೆಯ ಹೊತ್ತಿನಲ್ಲಿ ಆರು ನಿಮಿಷ ಜಾಹೀರಾತಿಗೆ ಹೋಗಬಹುದು. ಹಿಂದಿನ ದಿನದ ದೃಶ್ಯ, ಶೀರ್ಷಿಕೆ ಗೀತೆ, ಮರುದಿನದ ಪ್ರೋಮೋ ಇವನ್ನೂ ಕಳೆದರೆ ನಿಜವಾದ ಕಥೆಗೆ ಉಳಿಯುವುದು ಸುಮಾರು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಎಲ್ಲಿ ಖರ್ಚಾಯಿತು ಎಂದು ಗಡಿಯಾರ ನೋಡಿ ಗುರುತು ಹಾಕಿಕೊಂಡರೆ "ಎಳೆದರು" ಎಂಬ ದೂರಿಗೆ ಆಧಾರ ಸಿಗುತ್ತದೆ.

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಸೊಸೆ ಬೀರುವಿನಲ್ಲಿ ಒಂದು ಹಳೆಯ ಕಾಗದವನ್ನು ಕಂಡು ಓದುತ್ತಾಳೆ, ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಕ್ಯಾಮೆರಾ ಸೊಸೆಯ ಮುಖಕ್ಕೆ ಬಂದು, ಅತ್ತೆಯ ಮುಖಕ್ಕೆ ಹೋಗಿ, ಹಿಂದೆ ನಿಂತ ನಾದಿನಿಯ ಮುಖಕ್ಕೆ ಹೊರಳಿ, ಅದೇ ಸುತ್ತನ್ನು ಗುಡುಗಿನ ಸದ್ದಿನೊಡನೆ ಇನ್ನೆರಡು ಸಲ ಮಾಡುತ್ತದೆ. ಇದನ್ನು ಕುರಿತು "ನಿರ್ದೇಶನ ಕಳಪೆ" ಎಂದು ಬರೆದರೆ ಓದುಗರು ನಂಬಿಯಾರು, ನಂಬದಿದ್ದಾರು. ಅದರ ಬದಲಿಗೆ, "ಕಾಗದದಲ್ಲಿ ಏನಿತ್ತೆಂದು ನಮಗೆ ಮೊದಲೇ ಗೊತ್ತಿದ್ದರಿಂದ ಮೂವರ ಬೆರಗನ್ನೂ ಮೂರು ಮೂರು ಸಲ ತೋರಿಸಿದ್ದು ದೃಶ್ಯದ ಬಿಗಿಯನ್ನು ಸಡಿಲಿಸಿತು, ಆದರೆ ಅತ್ತೆ ಕಾಗದವನ್ನು ಕಸಿದುಕೊಳ್ಳದೆ ಕೈ ಚಾಚಿ ಸುಮ್ಮನೆ ಕಾದು ನಿಂತ ಆ ಒಂದು ಗಳಿಗೆಯಲ್ಲಿ ಇಬ್ಬರ ನಡುವಿನ ಹತ್ತು ವರ್ಷದ ಸಂಬಂಧ ಕಾಣಿಸಿತು" ಎಂದು ಬರೆದರೆ, ಸಂಚಿಕೆಯನ್ನು ನೋಡದವರಿಗೂ ನಿಮ್ಮ ಮಾತಿನ ತೂಕ ತಿಳಿಯುತ್ತದೆ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಹೀಗೆ ಒಂದೇ ದೃಶ್ಯದೊಳಗೆ ಬಿಡಿಸಿ ತೋರಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಪಾತ್ರದ ಮೇಲಿನ ಸಿಟ್ಟನ್ನು ನಟಿಯ ಮೇಲೆ ತೀರಿಸಿಕೊಳ್ಳುವುದು ನಾನು ಅತಿ ಹೆಚ್ಚಾಗಿ ಕಾಣುವ ದೋಷ. ಇದರಲ್ಲಿ ನಮ್ಮ ನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವೇಷ ಕಟ್ಟದೆ ಕೂತು ಮಾತಿನಲ್ಲೇ ಪಾತ್ರವನ್ನು ನಿಲ್ಲಿಸುವ ತಾಳಮದ್ದಳೆಯಲ್ಲಿ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನ ಅಥವಾ ಮಾಗಧನ (ಜರಾಸಂಧನ) ಅರ್ಥ, ಎಂದರೆ ಪಾತ್ರದ ಮಾತು, ಹೇಳುವಾಗ ಆ ಪಾತ್ರದ ಅಹಂಕಾರವನ್ನು ಮೆಚ್ಚದವರೂ ಮಾತಿನ ಪಟ್ಟುಗಳಿಗೆ ತಲೆದೂಗುತ್ತಿದ್ದರು. ತಾಳಮದ್ದಳೆ ಮುಗಿದ ಮೇಲೆ ಚರ್ಚೆ ನಡೆಯುತ್ತಿದ್ದದ್ದು ಅರ್ಥಗಾರಿಕೆಯ ಬಗ್ಗೆ. ಧಾರಾವಾಹಿಯ ಕೆಡುಕಿ ಪಾತ್ರಕ್ಕೂ ಅದೇ ಅಳತೆಗೋಲನ್ನು ಹಿಡಿಯಬೇಕು. ಅವಳ ಕೇಡಿಗೆ ಕಾರಣವನ್ನು ಕಥೆ ಒದಗಿಸಿದೆಯೇ, ಸಂಭಾಷಣೆ ಅವಳ ವಯಸ್ಸಿಗೂ ಮನೆತನಕ್ಕೂ ಒಪ್ಪುತ್ತದೆಯೇ, ನಟಿ ಕಣ್ಣು ಕೆರಳಿಸುವುದಕ್ಕಿಂತ ಹೆಚ್ಚಿನದೇನನ್ನಾದರೂ ಮಾಡಿದ್ದಾಳೆಯೇ ಎಂದು ನೋಡಿ ಬರೆಯಬೇಕು. ನಟಿಯ ಮೈಕಟ್ಟು, ಖಾಸಗಿ ಬದುಕು, ಬೇರೆಡೆ ಕೇಳಿದ ಗಾಳಿಮಾತು ಇವು ಯಾವುದೂ ಬರಹದೊಳಗೆ ಬರಕೂಡದು. ಬಾಲನಟರ ವಿಷಯದಲ್ಲಂತೂ ಎರಡು ಪಟ್ಟು ಎಚ್ಚರ ಬೇಕು. ಮಗುವಿನ ಬಾಯಲ್ಲಿ ದೊಡ್ಡವರ ಮಾತನ್ನು ಇಟ್ಟದ್ದು ಬರೆದವರ ತಪ್ಪು, ಮಗುವಿನದ್ದಲ್ಲ.

ಗಡಿನಾಡಿನ ವೀಕ್ಷಕರಿಗೆ ಬೆಂಗಳೂರಿನವರಿಗಿಲ್ಲದ ಒಂದು ಅನುಕೂಲ ಇದೆ. ನಾವು ಕನ್ನಡದ ವಾಹಿನಿಗಳ ಜೊತೆಗೆ ಮಲಯಾಳದವನ್ನೂ ನೋಡುತ್ತೇವೆ, ಸಂಭಾಷಣೆಯನ್ನು ಅನುವಾದವಿಲ್ಲದೆ ಸವಿಯುತ್ತೇವೆ. ಏಷ್ಯಾನೆಟ್‌ನಲ್ಲಿ 2014ರಲ್ಲಿ ಆರಂಭವಾದ 'ಕರುತ್ತಮುತ್ತ್' ತೆಲುಗಿನಲ್ಲಿ 'ಕಾರ್ತೀಕ ದೀಪಂ' ಆಯಿತು, ಕನ್ನಡದಲ್ಲಿ 'ಮುದ್ದುಲಕ್ಷ್ಮಿ' ಆಯಿತು. ಕಪ್ಪು ಮೈಬಣ್ಣದ ಹೆಣ್ಣೊಬ್ಬಳ ಅದೇ ಕಥೆ ಭಾಷೆ ದಾಟುವಾಗ ಮನೆಯ ಒಳಾಂಗಣ, ಉಡುಪು, ಹಿರಿಯರನ್ನು ಕರೆಯುವ ರೀತಿ, ಹಬ್ಬಗಳು ಹೇಗೆ ಬದಲಾದವು, ಯಾವುದು ಬದಲಾಗಬೇಕಿದ್ದರೂ ಹಾಗೆಯೇ ಉಳಿಯಿತು ಎಂಬುದನ್ನು ಎರಡನ್ನೂ ನೋಡಿದವರು ಮಾತ್ರ ಹೇಳಬಲ್ಲರು. ರೀಮೇಕ್ ಎಂದು ತಿಳಿದ ಕೂಡಲೇ ಅದನ್ನು ಕೀಳಾಗಿ ಕಾಣುವುದು ಸರಿಯಲ್ಲ. ಮೂಲದಲ್ಲಿ ಒಂದೇ ನೋಟದಲ್ಲಿ ಮುಗಿದ ಪ್ರಸಂಗಕ್ಕೆ ಇಲ್ಲಿ ಮೂರು ದಿನ ಹಿಡಿದಿದ್ದರೆ ಅದನ್ನು ಹೇಳಿ. ಮೂಲದಲ್ಲಿ ಮೂಕವಾಗಿದ್ದ ಅಜ್ಜಿಯ ಪಾತ್ರಕ್ಕೆ ಇಲ್ಲಿ ಮಾತು ಸಿಕ್ಕಿದ್ದರೆ ಅದನ್ನೂ ಹೇಳಿ.

ಭಾಷೆಯ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಕರಾವಳಿಯ ಕನ್ನಡ ಮಾತಾಡುವ ಪಾತ್ರ ಧಾರಾವಾಹಿಗೆ ಬಂದರೆ ಬಹುಪಾಲು ಅಡುಗೆ ಭಟ್ಟರಾಗಿಯೋ ಹೋಟೆಲಿನ ಯಜಮಾನರಾಗಿಯೋ ಬರುತ್ತದೆ, ವಾಕ್ಯಕ್ಕೊಂದು "ಮಾರಾಯ್ರೆ" ಹೇಳಿಸಿ ನಗಿಸಲಾಗುತ್ತದೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಮರಾಠಿಯನ್ನೂ, ಪೇಟೆಯಲ್ಲಿ ಮಲಯಾಳವನ್ನೂ, ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದವರು ಈ ಚಿತ್ರಣವನ್ನು ನಕ್ಕು ಮರೆಯುವ ಬದಲು ಯಾವ ವಾಕ್ಯ, ಯಾವ ಉಚ್ಚಾರ ತಪ್ಪಾಯಿತೆಂದು ಬರೆದು ತೋರಿಸಬೇಕು. ನಾವು ಬರೆಯದಿದ್ದರೆ ಸಂಭಾಷಣೆಕಾರರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ತೀರ್ಪು ಕೊಡುವ ಮುನ್ನ ಕೆಲಸದ ಒತ್ತಡವನ್ನೂ ತಿಳಿದಿರಬೇಕು. ದೈನಂದಿನ ಧಾರಾವಾಹಿಯಲ್ಲಿ ಪ್ರಸಾರಕ್ಕೆ ಕೆಲವೇ ದಿನ ಮುಂಚೆ ಚಿತ್ರೀಕರಣ ನಡೆಯುತ್ತಿರುತ್ತದೆ, ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್ ಸಂಸ್ಥೆಯ ವಾರಕ್ಕೊಮ್ಮೆ ಬರುವ ರೇಟಿಂಗ್ ನೋಡಿ ಕಥೆಯ ದಿಕ್ಕನ್ನೇ ತಿರುಗಿಸುವುದುಂಟು. ಪಾತ್ರವೊಂದು ಇದ್ದಕ್ಕಿದ್ದಂತೆ ದೂರದ ಊರಿಗೆ ಹೋದರೆ ನಟನಿಗೆ ಬಿಡುವಿಲ್ಲದಿರಬಹುದು. ಇದು ಕಾರಣವಾದೀತು, ಸಮರ್ಥನೆಯಾಗದು. ಪರದೆಯ ಮೇಲೆ ಬಂದದ್ದನ್ನೇ ತೂಗಬೇಕು. ಕಟುವಾದ ಅಭಿಪ್ರಾಯ ಹೇಳಲು ಅಂಜಬೇಕಾಗಿಯೂ ಇಲ್ಲ. 2020ನೇ ಸಾಲಿನ ಕೇರಳ ರಾಜ್ಯ ಟೆಲಿವಿಷನ್ ಪ್ರಶಸ್ತಿಗಳನ್ನು 2021ರಲ್ಲಿ ಘೋಷಿಸಿದಾಗ ಯೋಗ್ಯವಾದುದಿಲ್ಲವೆಂದು ಉತ್ತಮ ಧಾರಾವಾಹಿ ಪ್ರಶಸ್ತಿಯನ್ನು ತೀರ್ಪುಗಾರರು ಯಾರಿಗೂ ಕೊಡಲಿಲ್ಲ; ಹೆಂಗಸರನ್ನೂ ಮಕ್ಕಳನ್ನೂ ಧಾರಾವಾಹಿಗಳಲ್ಲಿ ಕೀಳಾಗಿ ಚಿತ್ರಿಸುತ್ತಿರುವ ಬಗ್ಗೆ ಕಳವಳವನ್ನೂ ವ್ಯಕ್ತಪಡಿಸಿದರು.

ಬರೆಯುವ ಕ್ರಮ ಸರಳ. ನೋಡಿದ ರಾತ್ರಿಯೇ ನೆನಪಿದ್ದ ಎರಡು ದೃಶ್ಯಗಳನ್ನೂ ಕಿವಿಯಲ್ಲಿ ಉಳಿದ ಒಂದು ಮಾತನ್ನೂ ಗುರುತು ಮಾಡಿಟ್ಟು, ಮರುದಿನ ಕೂತು ಬರೆಯಬೇಕು. ವಾಹಿನಿ, ಧಾರಾವಾಹಿಯ ಹೆಸರು, ಪ್ರಸಾರದ ದಿನಾಂಕ ಮೊದಲ ಸಾಲಿನಲ್ಲೇ ಇರಲಿ. ಕಥೆಯನ್ನು ಮೂರು ವಾಕ್ಯಗಳಲ್ಲಿ ಮುಗಿಸಿ. ಕೊನೆಯ ತಿರುವನ್ನು ಹೇಳಲೇಬೇಕಾದರೆ, ನೋಡದವರು ಮುಂದೆ ಓದಬೇಡಿ ಎಂದು ಮೊದಲೇ ತಿಳಿಸಿ. ಪ್ರೋಮೋ ನೋಡಿ ಮುಂದಿನ ವಾರದ ಬಗ್ಗೆ ತೀರ್ಪು ಬರೆಯಬೇಡಿ, ಏಕೆಂದರೆ ಪ್ರೋಮೋದಲ್ಲಿ ಬಿದ್ದ ಏಟು ಸಂಚಿಕೆಯಲ್ಲಿ ಕನಸಾಗಿ ಮುಗಿಯುವುದು ಅಪರೂಪವೇನಲ್ಲ. ಇನ್ನೂರು ಮುನ್ನೂರು ಪದ ಸಾಕು.

ಸಂಚಿಕೆಯೊಂದು ಇಷ್ಟವಾಗದಿರುವುದು ಬೇರೆ, ಜಾತಿ ನಿಂದನೆಯೋ ಮಕ್ಕಳ ಮೇಲಿನ ಹಿಂಸೆಯ ವೈಭವೀಕರಣವೋ ಇರುವುದು ಬೇರೆ. ಎರಡನೆಯದಕ್ಕೆ ಅಭಿಪ್ರಾಯ ಬರೆದು ಸುಮ್ಮನಾಗದೆ ದೂರನ್ನೇ ಸಲ್ಲಿಸಬೇಕು. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ಪ್ರಕಾರ ಮೊದಲು ವಾಹಿನಿಯ ದೂರು ಅಧಿಕಾರಿಗೇ ಬರೆಯಬೇಕು. ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು 15 ದಿನದೊಳಗೆ ಉತ್ತರಿಸಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಪ್ರಸಾರಕರ ಸ್ವನಿಯಂತ್ರಣ ಸಂಸ್ಥೆಗೆ, ಅನಂತರ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನಲ್ಲಿ ಪ್ರಸಾರದ ದಿನಾಂಕ, ಗಂಟೆ, ಆಕ್ಷೇಪಾರ್ಹ ದೃಶ್ಯದ ವಿವರ ಮತ್ತು ಪಾತ್ರ ಆಡಿದ ಮಾತು ಯಥಾವತ್ತಾಗಿ ಇರಬೇಕು.